ಅಮೆರಿಕಾರ್ಪ್ಸ್ ಎಜುಕೇಶನ್ ಅವಾರ್ಡ್: 1,700 ಗಂಟೆ ಸೇವೆ ಮಾಡಿ ಸಾಲ ಇಳ್ಸಿಕೊಂಡೋಳ ರಿವ್ಯೂ

ನಮ್ಮ ಚಿಕ್ಕಪ್ಪನ ಮಗಳು ಡಿಗ್ರಿ ಮುಗ್ಸಿದ ವಾರವೇ ಫೋನ್ ಮಾಡಿದ್ಲು, ಅಕ್ಕಾ ವಾಲಂಟಿಯರ್ ಮಾಡಿದ್ರೆ ಸ್ಟೂಡೆಂಟ್ ಲೋನ್ ಮನ್ನಾ ಮಾಡ್ತಾರಂತೆ, ನೀನು ಮಾಡಿದ್ಯಲ್ಲ, ನಿಜಾನಾ ಅಂತ. ಹೌದು ಅನ್ನಕ್ಕೂ ಆಗ್ಲಿಲ್ಲ, ಇಲ್ಲ ಅನ್ನಕ್ಕೂ ಆಗ್ಲಿಲ್ಲ, ಒಂದೂವರೆ ಗಂಟೆ ಮಾತಾಡಿದ್ವಿ, ಅವ್ಳು ಪೆನ್ನು ಹಿಡ್ಕೊಂಡು ಬರ್ಕೊಂಡ್ಲು. ಫೋನ್ ಇಟ್ಟ ಮೇಲೆ ಅನ್ನಿಸ್ತು, ಅಮೆರಿಕಾದಲ್ಲಿ ಇರೋ ನಮ್ಮ ಎಷ್ಟೋ ಮನೆ ಮಕ್ಕಳು ಇದೇ ಪ್ರಶ್ನೆ ಇಟ್ಕೊಂಡು ಒದ್ದಾಡ್ತಿರ್ತಾರೆ, ಅಪ್ಪ ಅಮ್ಮಂಗೆ ಈ ಸಿಸ್ಟಮ್ ಗೊತ್ತಿರಲ್ಲ, ಕನ್ನಡದಲ್ಲಿ ಯಾರೂ ಕೂತು ಹೇಳಲ್ಲ. ಅದಕ್ಕೇ ಬರೀತಿದೀನಿ. ನಾನು 2018-19ರಲ್ಲಿ ಒಹಾಯೋದ ಕ್ಲೀವ್‌ಲ್ಯಾಂಡಲ್ಲಿ ಅಮೆರಿಕಾರ್ಪ್ಸ್ ಅನ್ನೋ ಸರ್ಕಾರದ ಸೇವಾ ಕಾರ್ಯಕ್ರಮದಲ್ಲಿ ಮೆಂಬರ್ ಆಗಿ ಪೂರ್ತಿ ಒಂದು ಟರ್ಮ್, ಅಂದ್ರೆ ಒಂದು ಸೇವಾ ಅವಧಿ, ಮಾಡಿ, ಅವಾರ್ಡ್ ತಗೊಂಡು, ಅದನ್ನ ಸಾಲಕ್ಕೆ ಹಾಕಿ, ಅದ್ರಲ್ಲಿ ಒಂದು ತಪ್ಪೂ ಮಾಡ್ಕೊಂಡಿದೀನಿ. ಆ ತಪ್ಪನ್ನ ಇನ್ನೊಬ್ರು ಮಾಡ್ಬಾರ್ದು ಅನ್ನೋದೇ ಈ ರಿವ್ಯೂ ಬರ್ಯೋದಕ್ಕೆ ದೊಡ್ಡ ಕಾರಣ.

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಬಿಡ್ತೀನಿ. ಶನಿವಾರ ಹೋಗಿ ಫುಡ್ ಬ್ಯಾಂಕಲ್ಲಿ ಡಬ್ಬ ಜೋಡ್ಸಿದ್ರೆ, ಆಸ್ಪತ್ರೇಲಿ ವಾರಕ್ಕೆರಡು ಗಂಟೆ ಸಹಾಯ ಮಾಡಿದ್ರೆ ಅದು ಒಳ್ಳೇ ಕೆಲ್ಸನೇ, ಆದ್ರೆ ಅದ್ರಿಂದ ಸರ್ಕಾರ ನಿಮ್ಮ ಸಾಲದಲ್ಲಿ ಒಂದು ಡಾಲರ್ ಕೂಡ ಕಮ್ಮಿ ಮಾಡಲ್ಲ. ಸಾಲಕ್ಕೆ ಲೆಕ್ಕ ಆಗೋ ಸೇವೆ ಅಂದ್ರೆ ಅಪ್ಲೈ ಮಾಡಿ, ಸೆಲೆಕ್ಟ್ ಆಗಿ, ಅಗ್ರಿಮೆಂಟಿಗೆ ಸೈನ್ ಹಾಕಿ, ಗಂಟೆ ಗಂಟೆ ಲೆಕ್ಕ ಇಟ್ಟು ಮಾಡೋ ಸೇವೆ. ಅಂಥದ್ರಲ್ಲಿ ದೊಡ್ಡದು ಅಮೆರಿಕಾರ್ಪ್ಸ್. 1993ರಲ್ಲಿ ಬಿಲ್ ಕ್ಲಿಂಟನ್ ಸೈನ್ ಹಾಕಿದ ಕಾನೂನಿಂದ ಹುಟ್ಟಿದ್ದು. ಅದಕ್ಕಿಂತ ಹಳೇದು ವಿಸ್ತಾ, ಲಿಂಡನ್ ಜಾನ್ಸನ್ ಕಾಲದಲ್ಲಿ ಬಡತನದ ವಿರುದ್ಧ ಅಂತ 1965ರಲ್ಲಿ ಶುರು ಆಗಿದ್ದು, ಆಮೇಲೆ ಇದರೊಳಗೇ ಸೇರ್ಕೊಂತು. ಎನ್‌ಸಿಸಿಸಿ ಅಂತ ಇನ್ನೊಂದಿದೆ, ಅದು ಚಿಕ್ಕ ವಯಸ್ಸಿನೋರಿಗೆ, 18ರಿಂದ 26, ಟೀಮ್ ಕಟ್ಕೊಂಡು ಊರೂರು ತಿರುಗಿ ಸೇವೆ ಮಾಡೋದು. ನಂದು ಸ್ಟೇಟ್ ಅಂಡ್ ನ್ಯಾಷನಲ್ ಅನ್ನೋ ಮೂರನೇ ತರದ್ದು, ಅಂದ್ರೆ ಅಲ್ಲೇ ಊರಲ್ಲಿರೋ ಒಂದು ನಾನ್‌ಪ್ರಾಫಿಟ್‌ಗೆ ಗ್ರಾಂಟ್ ಬಂದಿರತ್ತೆ, ಅವ್ರು ನಮ್ಮನ್ನ ಮೆಂಬರ್ ಆಗಿ ತಗೋತಾರೆ, ಅಷ್ಟೇ.

ಟರ್ಮ್ ಮುಗ್ಸಿದ್ರೆ ಸಿಗೋದಕ್ಕೆ ಸೀಗಲ್ ಎಜುಕೇಶನ್ ಅವಾರ್ಡ್ ಅಂತಾರೆ, ಈ ಸಂಸ್ಥೆಗೆ ಮೊದಲ ಮುಖ್ಯಸ್ಥರಾಗಿದ್ದ ಈಲೈ ಸೀಗಲ್ ಅವರ ಹೆಸರಲ್ಲಿ. ದುಡ್ಡು ಎಷ್ಟು ಅಂದ್ರೆ ಆ ವರ್ಷದ ಪೆಲ್ ಗ್ರಾಂಟ್‌ನ (ಕಮ್ಮಿ ಆದಾಯದ ಮನೆ ಸ್ಟೂಡೆಂಟ್ಸಿಗೆ ಸರ್ಕಾರ ಕೊಡೋ ಸಹಾಯಧನ) ಮ್ಯಾಕ್ಸಿಮಮ್ ಎಷ್ಟಿರತ್ತೋ ಅಷ್ಟು, ಈ ರೂಲು 2009ರ ಕಾನೂನಲ್ಲಿ ಬಂತು, ಅದಕ್ಕೆ ಮುಂಚೆ ಎಷ್ಟೋ ವರ್ಷ 4,725 ಡಾಲರಿಗೇ ನಿಂತಿತ್ತು. ನನ್ನ ಟರ್ಮಿಗೆ 5,920 ಡಾಲರ್ ಬಂತು. 2024ರಿಂದ ಅದು 7,395 ಡಾಲರ್. ಫುಲ್ ಟೈಮ್ ಅಂದ್ರೆ 1,700 ಗಂಟೆ, ಅರ್ಧ ಟರ್ಮ್ ಅಂದ್ರೆ 900 ಗಂಟೆ, ಅದಕ್ಕೆ ಅರ್ಧ ದುಡ್ಡು. ಜೀವಮಾನದಲ್ಲಿ ಎರಡು ಫುಲ್ ಅವಾರ್ಡ್‌ನಷ್ಟು ತಗೋಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಮುಗ್ಸಿದ ದಿನದಿಂದ ಏಳು ವರ್ಷ ಟೈಮ್ ಇರತ್ತೆ ಬಳ್ಸಕ್ಕೆ, ಈ ಏಳು ವರ್ಷ ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಇದ್ರ ಮೇಲೇ ಕತೆ ನಿಂತಿದೆ.

ಯಾರಿಗೆ ಸಿಗತ್ತೆ ಅನ್ನೋದು ನಮ್ಮೋರಿಗೆ ಮುಖ್ಯ. ಸಿಟಿಜನ್ ಆಗಿರ್ಬೇಕು ಇಲ್ಲ ಗ್ರೀನ್ ಕಾರ್ಡ್ ಇರ್ಬೇಕು. ಎಫ್-1 ವೀಸಾದಲ್ಲಿ ಓದಕ್ಕೆ ಬಂದೋರಿಗೆ, ಎಚ್-1ಬಿ ಕೆಲ್ಸದ ವೀಸಾದಲ್ಲಿ ಇರೋರಿಗೆ, ಅವ್ರ ಮನೆಯವ್ರಿಗೆ ಕೊಡೋ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳಿಗೆ ಇದು ಇಲ್ಲ, ಇದು ನಂಗೆ ನಿಜವಾಗ್ಲೂ ಬೇಜಾರು ಮಾಡೋ ವಿಷ್ಯ, ಯಾಕಂದ್ರೆ ನನ್ನ ಜೊತೆ ಓದಿದ ಒಬ್ಳು ನನಗಿಂತ ಚೆನ್ನಾಗಿ ಮಕ್ಕಳಿಗೆ ಹೇಳ್ಕೊಡ್ತಿದ್ಲು, ಅವ್ಳಿಗೆ ಫಾರ್ಮ್ ತುಂಬಕ್ಕೂ ಆಗ್ಲಿಲ್ಲ. ನಂಗೆ ದೊಡ್ಡಪ್ಪ ಸ್ಪಾನ್ಸರ್ ಮಾಡಿದ ಗ್ರೀನ್ ಕಾರ್ಡ್ ಇತ್ತು, ಅದ್ರಿಂದ ಆಯ್ತು. ಇನ್ನೊಂದು, ಸಾಲ ಫೆಡರಲ್ ಸಾಲ, ಇಲ್ಲ ರಾಜ್ಯ ಸರ್ಕಾರದ ಏಜೆನ್ಸಿ ಕೊಟ್ಟ ಸಾಲ ಆಗಿರ್ಬೇಕು. ಪ್ರೈವೇಟ್ ಬ್ಯಾಂಕಿನ ಸ್ಟೂಡೆಂಟ್ ಲೋನಿಗೆ ಈ ಅವಾರ್ಡ್ ಹಾಕಕ್ಕಾಗಲ್ಲ, ಇಂಡಿಯಾದ ಬ್ಯಾಂಕಲ್ಲಿ ಮನೆ ಅಡ ಇಟ್ಟು ತಗೊಂಡಿರೋ ಎಜುಕೇಶನ್ ಲೋನಿಗಂತೂ ಆಗೋದೇ ಇಲ್ಲ.

ಈಗ ಆ ವರ್ಷ ಹೇಗಿತ್ತು ಅಂತ. ಕೆಲ್ಸ ಅನ್ನಂಗಿಲ್ಲ, ಸರ್ವ್ ಮಾಡ್ತಿದೀನಿ ಅನ್ಬೇಕು, ಸಂಬಳ ಅನ್ನಂಗಿಲ್ಲ, ಲಿವಿಂಗ್ ಅಲೊವೆನ್ಸ್ ಅನ್ಬೇಕು, ಮೊದಲ ದಿನದ ಟ್ರೇನಿಂಗಲ್ಲೇ ಇದನ್ನ ಹೇಳ್ತಾರೆ. ಆ ಅಲೊವೆನ್ಸ್ ನನ್ನ ವರ್ಷದಲ್ಲಿ ಟ್ಯಾಕ್ಸ್ ಕಳ್ಯೋ ಮುಂಚೆ ಹದಿನಾಲ್ಕು ಸಾವಿರ ಡಾಲರ್ ಆಸುಪಾಸು, ಅದೂ ಇಡೀ ಟರ್ಮಿಗೆ. ಎರಡು ವಾರಕ್ಕೊಂದ್ಸಲ ಆರುನೂರು ಚಿಲ್ಲರೆ ಬರ್ತಿತ್ತು. ನಾಲ್ಕು ಜನ ಹುಡ್ಗೀರು ಒಂದು ಹಳೇ ಮನೆ ಮೇಲಿನ ಮಹಡಿಯಲ್ಲಿ ಇದ್ವಿ, ನಮ್ಮಲ್ಲಿ ಇಬ್ರು ಬಡವ್ರಿಗೆ ಸರ್ಕಾರ ಕೊಡೋ ಸ್ನ್ಯಾಪ್ ಕಾರ್ಡಲ್ಲಿ ದಿನಸಿ ತಗೋತಿದ್ರು. ಹೆಲ್ತ್ ಇನ್ಶೂರೆನ್ಸ್ ಕೊಟ್ರು, ಅದು ದೊಡ್ಡ ಸಮಾಧಾನ. ಮನೇಲಿ ಅಮ್ಮ ಮೊದಮೊದಲು ತುಂಬ ನೊಂದ್ಕೊಂಡ್ರು, ಇಷ್ಟು ಓದ್ಸಿ ಇಷ್ಟು ಕಮ್ಮಿ ದುಡ್ಡಿಗಾ ಅಂತ. ಅಪ್ಪ ಏನೂ ಹೇಳ್ಲಿಲ್ಲ, ತಿಂಗಳಿಗೊಂದ್ಸಲ ಕಾರಿನ ಡಿಕ್ಕೀಲಿ ಅಕ್ಕಿ ಬೇಳೆ ಚಟ್ನಿಪುಡಿ ತಂದು ಇಟ್ಟು ಹೋಗೋರು.

ನನ್ನ ಜಾಗ ಒಂದು ಎಲಿಮೆಂಟರಿ ಸ್ಕೂಲು. ಓದಕ್ಕೆ ಹಿಂದೆ ಬಿದ್ದಿರೋ ಮಕ್ಕಳನ್ನ ಒಬ್ಬೊಬ್ರನ್ನೇ ಕೂರ್ಸಿ ದಿನಾ ಇಪ್ಪತ್ತು ನಿಮಿಷ ಓದ್ಸೋದು. ಲೈಬ್ರರಿ ಪಕ್ಕದಲ್ಲಿ ಒಂದು ಸಣ್ಣ ರೂಮು, ಮೊದ್ಲು ಅದ್ರಲ್ಲಿ ಪ್ರೊಜೆಕ್ಟರ್ ಇಡ್ತಿದ್ರಂತೆ, ಕಿಟಕಿ ಇಲ್ಲ, ಎರಡು ಕುರ್ಚಿ, ಒಂದು ಅರ್ಧಚಂದ್ರದ ಮೇಜು. ಎರಡನೇ ಕ್ಲಾಸಿನ ಒಬ್ಬ ಹುಡುಗ ಇದ್ದ, ಸೆಪ್ಟೆಂಬರಲ್ಲಿ ಬಂದಾಗ ಪುಸ್ತಕ ತೆಗೆದ ಕೂಡ್ಲೇ ಬೆರಳನ್ನ ಪದದ ಕೆಳಗೆ ಇಟ್ಟು ಕಣ್ಣನ್ನ ನನ್ನ ಮುಖದ ಮೇಲೆ ಇಡ್ತಿದ್ದ, ನನ್ನ ಬಾಯಿ ಆಕಾರ ನೋಡಿ ಊಹೆ ಮಾಡಕ್ಕೆ. ಅಕ್ಷರ ನೋಡ್ತಾನೇ ಇರ್ಲಿಲ್ಲ. ಅದು ನಂಗೆ ಗೊತ್ತಾಗಕ್ಕೆ ಮೂರು ವಾರ ಬೇಕಾಯ್ತು. ಆಮೇಲೆ ನಾನು ಪಕ್ಕದಲ್ಲಿ ಕೂರೋದು ಬಿಟ್ಟು ಅವನ ಹಿಂದೆ ಕೂರಕ್ಕೆ ಶುರು ಮಾಡ್ದೆ. ಫೆಬ್ರವರಿ ಹೊತ್ತಿಗೆ ಬೆರಳು ಮುಂದೆ ಹೋಗ್ತಾ ಇತ್ತು, ಧ್ವನಿ ಹಿಂದೆ ಬರ್ತಾ ಇತ್ತು, ನಡುನಡುವೆ ನಿಂತು ತಾನೇ ತಿದ್ಕೋತಿದ್ದ. ಸಾಲದ ರಿವ್ಯೂನಲ್ಲಿ ಇದ್ಯಾಕೆ ಅಂತ ಕೇಳ್ಬಹುದು. ಈ ಅವಾರ್ಡನ್ನ ಬರೀ ಡಾಲರ್ ಲೆಕ್ಕದಲ್ಲಿ ನೋಡಿದ್ರೆ ಯಾರೂ ಹೋಗಲ್ಲ, ಹೋದ್ರೂ ಚಳಿಗಾಲದಲ್ಲಿ ಬಿಟ್ಟು ಬರ್ತಾರೆ, ನನ್ನ ಬ್ಯಾಚಲ್ಲೇ ಡಿಸೆಂಬರ್ ರಜೆ ಆದ್ಮೇಲೆ ಮೂರು ಜನ ವಾಪಸ್ ಬರ್ಲಿಲ್ಲ. ಬೆಳಗ್ಗೆ ಎದ್ದು ಹೋಗಕ್ಕೆ ಒಂದು ಮಗುವಿನ ಮುಖ ಬೇಕು.

ಮಧ್ಯದಲ್ಲಿ ಬಿಟ್ರೆ ಏನಾಗತ್ತೆ ಅಂದ್ರೆ ಅವಾರ್ಡ್ ಪೂರ್ತಿ ಹೋಗತ್ತೆ, ಗಂಟೆ ಲೆಕ್ಕದಲ್ಲಿ ಅಷ್ಟೋ ಇಷ್ಟೋ ಕೊಡ್ತಾರೆ ಅಂದ್ಕೋಬೇಡಿ. ದೊಡ್ಡ ಕಾಯಿಲೆ, ಮನೇಲಿ ಸಾವು, ಇಂಥ ನಿಜವಾದ ಕಾರಣ ಇದ್ದು ಪ್ರೋಗ್ರಾಮಿನೋರು ಒಪ್ಪಿ ದಾಖಲೆ ಮಾಡಿದ್ರೆ, ಅದೂ ಟರ್ಮಿನ 15 ಪರ್ಸೆಂಟ್ ಆದ್ರೂ ಮುಗ್ಸಿದ್ರೆ, ಆಗ ಮಾತ್ರ ಮಾಡಿದಷ್ಟಕ್ಕೆ ಕೊಡ್ತಾರೆ. ಬೇರೆ ಒಳ್ಳೇ ಕೆಲ್ಸ ಸಿಕ್ತು ಅಂತ ಹೊರಟ್ರೆ ಇಲ್ಲ. ಅಪ್ಲೈ ಮಾಡೋ ಮುಂಚೆ ಇದನ್ನ ಮನೇಲಿ ಎಲ್ರಿಗೂ ಹೇಳಿ, ಯಾಕಂದ್ರೆ ಮಾರ್ಚ್ ತಿಂಗಳಲ್ಲಿ ಯಾರಾದ್ರೂ ಅಂಕಲ್ ಫೋನ್ ಮಾಡಿ ನಮ್ಮ ಕಂಪನೀಲಿ ಓಪನಿಂಗ್ ಇದೆ ಬಾಮ್ಮ ಅಂತ ಕರೀತಾರೆ, ಆಗ ಮನೇಲಿ ಜಗಳ ಆಗತ್ತೆ, ನಮ್ಮನೇಲಿ ಆಯ್ತು.

1,700 ಗಂಟೆ ಅಂದ್ರೆ ವಾರಕ್ಕೆ 40 ಗಂಟೆ ತರ 42 ವಾರದ ಮೇಲೆ. ಕೇಳಕ್ಕೆ ಸುಲಭ. ಆದ್ರೆ ಶಾಲೆಗೆ ರಜೆ ಇದ್ದ ದಿನ ನಮ್ಗೆ ಗಂಟೆ ಇಲ್ಲ. 2019ರ ಜನವರಿ ಕೊನೇಲಿ ಆ ಪೋಲಾರ್ ವೋರ್ಟೆಕ್ಸ್ ಚಳಿ ಬಂತಲ್ಲ, ಮಿಡ್‌ವೆಸ್ಟ್ ಪೂರ್ತಿ ಹೆಪ್ಪುಗಟ್ಟಿ ಹೋಗಿತ್ತು, ಸ್ಕೂಲುಗಳು ಮುಚ್ಚಿದ್ವು, ನಾನು ಮೂರು ಸ್ವೆಟರ್ ಹಾಕ್ಕೊಂಡು ಮನೇಲಿ ಕೂತು ಟೈಮ್‌ಶೀಟ್ ನೋಡ್ತಾ ಇದ್ದೆ, ಆ ವಾರದ ಕಾಲಮಲ್ಲಿ ಸೊನ್ನೆ ಸೊನ್ನೆ. ಟ್ರೇನಿಂಗ್ ಗಂಟೆ ಒಟ್ಟು 20 ಪರ್ಸೆಂಟ್ ದಾಟಂಗಿಲ್ಲ, ಫಂಡ್‌ರೈಸಿಂಗ್ ಗಂಟೆ 10 ಪರ್ಸೆಂಟ್ ದಾಟಂಗಿಲ್ಲ, ಹಂಗಾಗಿ ಎಲ್ಲಿಂದಲೋ ತಂದು ತುಂಬಕ್ಕೂ ಆಗಲ್ಲ. ಏಪ್ರಿಲಲ್ಲಿ ಲೆಕ್ಕ ಹಾಕಿದ್ರೆ ನಾನು 64 ಗಂಟೆ ಹಿಂದೆ ಇದ್ದೆ. ಸೂಪರ್‌ವೈಸರ್ ಒಳ್ಳೇವ್ರು, ಶನಿವಾರದ ಬುಕ್ ಡ್ರೈವು, ಸಮ್ಮರ್ ಕ್ಯಾಂಪಿನ ತಯಾರಿ ಅಂತ ಜಾಗ ಮಾಡ್ಕೊಟ್ರು, ಕೊನೇಗೆ 1,703 ಗಂಟೆಗೆ ಮುಗ್ಸಿದೆ. ಮೂರೇ ಗಂಟೆ ಜಾಸ್ತಿ. ಹೊಸಬರಿಗೆ ನಾನು ಹೇಳೋದು, ಮೊದಲ ತಿಂಗಳಿಂದಲೇ ವಾರಕ್ಕೆ ಎರಡು ಮೂರು ಗಂಟೆ ಜಾಸ್ತಿ ಮಾಡಿ ಕೂಡಿಟ್ಕೊಳ್ಳಿ, ಹಿಮ ಬಿದ್ದಾಗ ಅದೇ ಕಾಪಾಡತ್ತೆ.

ದುಡ್ಡಿನ ವಿಷ್ಯಕ್ಕೆ ಬರ್ತೀನಿ. ನನ್ನ ಸಾಲ 27,000 ಡಾಲರ್, ನಾಲ್ಕು ವರ್ಷಕ್ಕೆ ಫೆಡರಲ್ ಡೈರೆಕ್ಟ್ ಲೋನ್ ವರ್ಷವರ್ಷದ ಲಿಮಿಟ್ ಎಷ್ಟಿದ್ಯೋ ಅಷ್ಟೂ ತಗೊಂಡಿದ್ದೆ. ಸೇವೆ ಶುರು ಆದ್ಮೇಲೆ ಮೈ ಅಮೆರಿಕಾರ್ಪ್ಸ್ ಅನ್ನೋ ಪೋರ್ಟಲಲ್ಲಿ ಫೋರ್ಬೇರೆನ್ಸ್ ರಿಕ್ವೆಸ್ಟ್ ಹಾಕ್ಬಹುದು, ಅಂದ್ರೆ ಆ ಅವಧೀಲಿ ಕಂತು ಕಟ್ಬೇಕಾಗಿಲ್ಲ. ಬಡ್ಡಿ ಮಾತ್ರ ಬೆಳೀತಾ ಇರತ್ತೆ. ತುಂಬ ಜನಕ್ಕೆ ಗೊತ್ತಿಲ್ಲದೇ ಇರೋ ಒಳ್ಳೇ ವಿಷ್ಯ ಇಲ್ಲಿದೆ, ಟರ್ಮ್ ಪೂರ್ತಿ ಮುಗ್ಸಿದ್ರೆ ಆ ಅವಧೀಲಿ ಬೆಳೆದ ಬಡ್ಡೀನ ಅವಾರ್ಡ್ ದುಡ್ಡು ಕೊಡೋ ನ್ಯಾಷನಲ್ ಸರ್ವಿಸ್ ಟ್ರಸ್ಟೇ ಕಟ್ಟತ್ತೆ, ಅದು ಅವಾರ್ಡಿಗೆ ಸೇರಿಲ್ಲ, ಅದ್ರ ಮೇಲೆ ಬೇರೆ. ಆದ್ರೆ ಅದು ತಾನಾಗೇ ಬರಲ್ಲ, ನೀವೇ ಹೋಗಿ ಇಂಟರೆಸ್ಟ್ ರಿಕ್ವೆಸ್ಟ್ ಹಾಕ್ಬೇಕು, ಲೋನ್ ಸರ್ವೀಸರ್, ಅಂದ್ರೆ ಸಾಲದ ಲೆಕ್ಕ ನೋಡ್ಕೊಳ್ಳೋ ಕಂಪನಿ, ಅದಕ್ಕೆ ಎಷ್ಟು ಬಡ್ಡಿ ಅಂತ ಬರ್ದು ಕಳಿಸ್ಬೇಕು. ನಂಗೆ ಎಂಟುನೂರು ಡಾಲರ್ ಮೇಲೆ ಬಂತು. ನನ್ನ ರೂಮ್‌ಮೇಟ್ ಒಬ್ಳು ಈ ಇಂಟರೆಸ್ಟ್ ರಿಕ್ವೆಸ್ಟ್ ಹಾಕೋದು ಮರ್ತು, ಎರಡು ವರ್ಷ ಆದ್ಮೇಲೆ ನಾನು ಹೇಳಿ ನೆನಪಾಗಿದ್ದು.

ಇನ್ನು ಟ್ಯಾಕ್ಸ್. ಅವಾರ್ಡೂ, ಬಡ್ಡಿ ಕಟ್ಟಿದ್ದೂ, ಎರಡೂ ನಿಮ್ಮ ಇನ್‌ಕಮ್ ಅಂತ ಲೆಕ್ಕ. ದುಡ್ಡು ನಿಮ್ಮ ಕೈಗೆ ಬರೋದೇ ಇಲ್ಲ, ಸೀದಾ ಸಾಲಕ್ಕೆ ಹೋಗತ್ತೆ, ಆದ್ರೂ ಅದನ್ನ ಇನ್‌ಕಮ್ ಅಂತ ತೋರ್ಸೋ 1099 ಫಾರ್ಮ್ ಜನವರೀಲಿ ಬರತ್ತೆ. ನನ್ನ 12 ಪರ್ಸೆಂಟ್ ಸ್ಲ್ಯಾಬಲ್ಲಿ 5,920ಕ್ಕೆ ಫೆಡರಲ್ ಟ್ಯಾಕ್ಸೇ 710 ಡಾಲರ್ ಆಯ್ತು. ಬಡತನದಲ್ಲಿ ಒಂದು ವರ್ಷ ಕಳೆದ ಹುಡ್ಗೀರು ಹುಡುಗ್ರಿಗೆ ಮುಂದಿನ ಏಪ್ರಿಲಲ್ಲಿ ಇಂಥ ಬಿಲ್ ಕೊಡೋದು ಸರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ, ಈ ರೂಲ್ ಬದಲಾಗ್ಬೇಕು. ಅಲ್ಲೀವರೆಗೂ ಒಂದು ದಾರಿ ಇದೆ, ಅವಾರ್ಡನ್ನ ಒಟ್ಟಿಗೇ ಬಳ್ಸಲೇಬೇಕು ಅಂತಿಲ್ಲ, ಡಿಸೆಂಬರಲ್ಲಿ ಒಂದು ಭಾಗ ಜನವರೀಲಿ ಒಂದು ಭಾಗ ಹಾಕಿದ್ರೆ ಎರಡು ವರ್ಷದ ಟ್ಯಾಕ್ಸಿಗೆ ಹಂಚಿ ಹೋಗತ್ತೆ. ಅಥವಾ ಇನ್‌ಕಮ್ ಕಮ್ಮಿ ಇರೋ ವರ್ಷಕ್ಕೆ ಕಾಯಿರಿ.

ಈಗ ನನ್ನ ತಪ್ಪು. ಟರ್ಮ್ ಮುಗ್ದಿದ್ದು 2019ರ ಜುಲೈ. ಆಗಸ್ಟಲ್ಲಿ ಒಂದು ಕಮ್ಯುನಿಟಿ ಕ್ಲಿನಿಕ್ಕಲ್ಲಿ ಕೆಲ್ಸ ಸಿಕ್ತು, ಅದೂ ನಾನ್‌ಪ್ರಾಫಿಟ್, ಸಂಬಳ 38,000 ಡಾಲರ್. ಅವಾರ್ಡ್ ಅಕೌಂಟಲ್ಲಿ ಕಂಡ ವಾರವೇ, ಏನೂ ಯೋಚ್ನೆ ಮಾಡ್ದೇ, ಪೂರ್ತಿ 5,920 ಸಾಲಕ್ಕೆ ಹಾಕ್ಬಿಟ್ಟೆ. ಸಾಲ ಅಂದ್ರೆ ನಮ್ಮ ಮನೇಲಿ ಹಂಗೇ, ಕೈಯಲ್ಲಿ ಕಾಸಿದ್ರೆ ಮೊದ್ಲು ಸಾಲ ತೀರ್ಸು ಅಂತ ಅಜ್ಜಿ ಕಾಲದಿಂದ ಕೇಳಿ ಬೆಳೆದಿದ್ದು. ಅಮ್ಮಂಗೆ ಫೋನ್ ಮಾಡಿ ಹೇಳ್ದೆ, ಅವ್ರಿಗೂ ಖುಷಿ ಆಯ್ತು. ಆದ್ರೆ ನಾನು ಅದೇ ಹೊತ್ತಿಗೆ ಪಿಎಸ್‌ಎಲ್‌ಎಫ್ ಅನ್ನೋ ಸಾಲ ಮನ್ನಾ ದಾರಿ ಹಿಡೀಬೇಕು ಅಂತ ಮನಸ್ಸು ಮಾಡಿದ್ದೆ. ಈ ಎರಡೂ ಒಂದಕ್ಕೊಂದು ಎದುರು ಎಳೆಯೋ ಎತ್ತುಗಳು ಅಂತ ಯಾರೂ ಹೇಳಿರ್ಲಿಲ್ಲ.

ಬಿಡ್ಸಿ ಹೇಳ್ತೀನಿ. ಪಿಎಸ್‌ಎಲ್‌ಎಫ್ ಅಂದ್ರೆ ಪಬ್ಲಿಕ್ ಸರ್ವಿಸ್ ಲೋನ್ ಫರ್ಗಿವ್‌ನೆಸ್, 2007ರಲ್ಲಿ ಜಾರ್ಜ್ ಡಬ್ಲ್ಯು ಬುಷ್ ಕಾಲದಲ್ಲಿ ಬಂದ ಕಾನೂನು. ಸರ್ಕಾರಿ ಆಫೀಸಲ್ಲೋ 501(ಸಿ)(3), ಅಂದ್ರೆ ಟ್ಯಾಕ್ಸ್ ವಿನಾಯ್ತಿ ಇರೋ, ನಾನ್‌ಪ್ರಾಫಿಟಲ್ಲೋ ಫುಲ್ ಟೈಮ್, ಅಂದ್ರೆ ವಾರಕ್ಕೆ ಕನಿಷ್ಠ 30 ಗಂಟೆ, ಕೆಲ್ಸ ಮಾಡ್ತಾ 120 ತಿಂಗಳ ಕಂತು ಕಟ್ಟಿದ್ರೆ ಉಳಿದ ಡೈರೆಕ್ಟ್ ಲೋನ್ ಪೂರ್ತಿ ಮನ್ನಾ, ಆ ಮನ್ನಾಕ್ಕೆ ಫೆಡರಲ್ ಟ್ಯಾಕ್ಸ್ ಕೂಡ ಇಲ್ಲ. ಅಮೆರಿಕಾರ್ಪ್ಸ್ ಸೇವೇನೂ ಅದಕ್ಕೆ ಲೆಕ್ಕ, ಬೇರೆ ದೇಶಕ್ಕೆ ಹೋಗಿ ಸೇವೆ ಮಾಡೋ ಪೀಸ್ ಕಾರ್ಪ್ಸ್ ಕೂಡ. ಈಗ ನೋಡಿ, ನನ್ನ ಕಂತು ಇನ್‌ಕಮ್ ಮೇಲೆ ನಿಂತಿರೋ ಐಬಿಆರ್ ಪ್ಲಾನು, ತಿಂಗಳಿಗೆ 160 ಡಾಲರ್ ಹತ್ರ. ಸಾಲ 27,000 ಇದ್ರೂ ಅಷ್ಟೇ, 21,000 ಇದ್ರೂ ಅಷ್ಟೇ, ಕಂತು ಬದಲಾಗಲ್ಲ. ಹತ್ತು ವರ್ಷ ಆದ್ಮೇಲೆ ಉಳಿದಿದ್ದು ಎಷ್ಟಿದ್ರೂ ಮನ್ನಾ. ಹಂಗಾದ್ರೆ ನಾನು ಹಾಕಿದ 5,920 ಏನು ಮಾಡ್ತು? ಮುಂದೆ ಸರ್ಕಾರ ಮನ್ನಾ ಮಾಡ್ಬೇಕಾಗಿದ್ದ ಮೊತ್ತಾನ ನಾನೇ ನನ್ನ ಸೇವೆ ದುಡ್ಡಲ್ಲಿ ಕಮ್ಮಿ ಮಾಡ್ಕೊಟ್ಟೆ, ಅದಕ್ಕೆ 710 ಡಾಲರ್ ಟ್ಯಾಕ್ಸ್ ಬೇರೆ ಕಟ್ಟಿದೆ. ಅದೇ ದುಡ್ಡನ್ನ ಏಳು ವರ್ಷದ ಒಳಗೆ ಮಾಸ್ಟರ್ಸ್ ಫೀಸಿಗೆ ಹಾಕಿದ್ರೆ ಒಂದು ಸೆಮಿಸ್ಟರ್ ಮುಗೀತಿತ್ತು, ಕೆಲವು ಕಾಲೇಜುಗಳು ಅವಾರ್ಡಿಗೆ ಸಮ ಸಮ ತಾವೂ ಸೇರ್ಸಿ ಕೊಡ್ತಾರೆ. ನಾನು 2022ರಲ್ಲಿ ಪಬ್ಲಿಕ್ ಹೆಲ್ತ್ ಮಾಸ್ಟರ್ಸ್ ಸೇರ್ದಾಗ ಹೊಸದಾಗಿ ಸಾಲ ತಗೋಬೇಕಾಯ್ತು. ಆ ಫೀಸ್ ಬಿಲ್ ನೋಡ್ದಾಗ ಈ ಲೆಕ್ಕ ಅರ್ಥ ಆಗಿದ್ದು.

ಅವಾರ್ಡನ್ನ ಒಟ್ಟಿಗೆ ಹಾಕಿದ್ರೂ ಪಿಎಸ್‌ಎಲ್‌ಎಫ್ ಎಣಿಕೇಲಿ 12 ಕಂತಿನವರೆಗೆ ಲೆಕ್ಕ ಸಿಗೋ ಅವಕಾಶ ರೂಲಲ್ಲೇ ಇದೆ. ಆದ್ರೆ ಅದು ಸರಿಯಾಗಿ ಸೇರಿದ್ರೆ ಮಾತ್ರ. ನನ್ನ ಲೋನ್ ನೋಡ್ಕೊಳ್ತಿದ್ದ ಸರ್ವೀಸರ್ ಕಂಪನಿ ಏನು ಮಾಡ್ತು ಅಂದ್ರೆ ಆ ದುಡ್ಡನ್ನ ಪೇಯ್ಡ್ ಅಹೆಡ್, ಅಂದ್ರೆ ಮುಂದಿನ ಕಂತುಗಳಿಗೆ ಮುಂಗಡ, ಅಂತ ಹಾಕ್ತು, ಮುಂದಿನ ತಿಂಗಳು ಲಾಗಿನ್ ಮಾಡಿದ್ರೆ ಅಮೌಂಟ್ ಡ್ಯೂ 0.00 ಅಂತ ಹಸಿರು ಅಕ್ಷರದಲ್ಲಿ. ನಾನು ಒಳ್ಳೇದಾಯ್ತು ಅಂದ್ಕೊಂಡು ಎರಡು ತಿಂಗಳು ಸುಮ್ನಿದ್ದೆ. ಆಗಿನ ರೂಲಲ್ಲಿ ಡ್ಯೂ ಇಲ್ಲದ ತಿಂಗಳಲ್ಲಿ ಕಟ್ಟಿದ್ದು ಎಣಿಕೆಗೆ ಬರ್ತಿರ್ಲಿಲ್ಲ. ಇದು ಕ್ಲಿನಿಕ್ಕಿನ ಎಚ್‌ಆರ್ ಮೇಡಮ್ಮಿಂದ ಗೊತ್ತಾಯ್ತು, ಅವ್ರು ತಾವೂ ಅದೇ ದಾರೀಲಿ ಇದ್ರು. ಆಮೇಲೆ ಊಟದ ಬಿಡುವಲ್ಲಿ ಕಾರಲ್ಲಿ ಕೂತು ಫೋನ್ ಮಾಡೋದು, ನಲವತ್ತು ನಿಮಿಷ ಮ್ಯೂಸಿಕ್ಕು, ಒಬ್ರು ಒಂದು ಹೇಳಿದ್ರೆ ಇನ್ನೊಬ್ರು ಇನ್ನೊಂದು, ನಾಲ್ಕನೇ ಕಾಲಲ್ಲಿ ಪೇಯ್ಡ್ ಅಹೆಡ್ ಸ್ಟೇಟಸ್ ತೆಗೀರಿ ಅಂತ ಬರ್ದು ಕಳ್ಸಿ ಅಂದ್ರು, ಬರ್ದು ಕಳ್ಸಿದ ಮೇಲೆ ಆರು ವಾರ. ಹೆಸ್ರು, ದಿನಾಂಕ, ಏನಂದ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ದಿಟ್ಟಿದ್ದೆ, ಕೊನೇಗೆ ಅದೇ ಕೆಲ್ಸಕ್ಕೆ ಬಂತು. ನೀವೂ ಬರ್ದಿಡಿ.

ಪಿಎಸ್‌ಎಲ್‌ಎಫ್ ಬಗ್ಗೆ ಹೆದರ್ಸೋರು ತುಂಬ ಜನ ಇದ್ದಾರೆ, ಅವ್ರು ಪೂರ್ತಿ ಸುಳ್ಳು ಹೇಳ್ತಿಲ್ಲ. 2017ರ ಅಕ್ಟೋಬರಲ್ಲಿ ಮೊದಲ ಹತ್ತು ವರ್ಷ ತುಂಬಿದಾಗ ಅಪ್ಲೈ ಮಾಡಿದೋರಲ್ಲಿ ಶುರುಶುರುವಲ್ಲಿ ನೂರಕ್ಕೆ 99 ಜನರ ಅರ್ಜಿ ರಿಜೆಕ್ಟ್ ಆಗಿತ್ತು. ತಪ್ಪು ಲೋನ್, ತಪ್ಪು ಪ್ಲಾನ್, ಎಣಿಕೆ ತಪ್ಪು, ಒಂದೊಂದು ಕಾರಣ. 2021ರಲ್ಲಿ ತಂದ ತಾತ್ಕಾಲಿಕ ಸಡಿಲಿಕೆ ಆದ್ಮೇಲೆ ಪರಿಸ್ಥಿತಿ ಬದಲಾಯ್ತು, 2024ರ ಅಕ್ಟೋಬರ್ ಹೊತ್ತಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಜನಕ್ಕೆ ಮನ್ನಾ ಆಗಿದೆ. ನಮ್ಮಂಥೋರಿಗೆ ಇನ್ನೊಂದು ದೊಡ್ಡ ಬದಲಾವಣೆ 2023ರ ಜುಲೈಯಲ್ಲಿ ಬಂತು, ಅಮೆರಿಕಾರ್ಪ್ಸ್ ಫೋರ್ಬೇರೆನ್ಸಲ್ಲಿ ಕಳೆದ ತಿಂಗಳುಗಳೂ 120ರ ಎಣಿಕೆಗೆ ಸೇರೋ ಹಾಗೆ ಆಯ್ತು. ಮೊದ್ಲು ಸೇರ್ತಿರ್ಲಿಲ್ಲ, ಅದಕ್ಕೇ ಆಗ ತಿಳಿದೋರು ಫೋರ್ಬೇರೆನ್ಸ್ ತಗೋಬೇಡಿ, ಇನ್‌ಕಮ್ ಪ್ಲಾನಿಗೆ ಹೋಗಿ, ಅಷ್ಟು ಕಮ್ಮಿ ಅಲೊವೆನ್ಸಿಗೆ ಕಂತು ಸೊನ್ನೆಯೇ ಬರತ್ತೆ, ಸೊನ್ನೆ ಕಂತೂ ಒಂದು ಕಂತು ಅಂತ ಹೇಳ್ತಿದ್ರು. ಆ ಸಲಹೆ ಈಗ್ಲೂ ಕೆಲವು ಕಡೆ ಹಂಗೇ ಓಡಾಡ್ತಿದೆ. ಈಗ ಎರಡರಲ್ಲಿ ಯಾವ್ದು ಮಾಡಿದ್ರೂ ಎಣಿಕೆ ಸಿಗತ್ತೆ, ಆದ್ರೆ ಫೋರ್ಬೇರೆನ್ಸ್ ತಗೊಂಡ್ರೆ ಬಡ್ಡೀನೂ ಟ್ರಸ್ಟ್ ಕಟ್ಟತ್ತೆ, ಹಂಗಾಗಿ ನಾನಾಗಿದ್ರೆ ಅದನ್ನೇ ತಗೋತೀನಿ. ನನ್ನ ಆ ವರ್ಷದ ತಿಂಗಳುಗಳು ಆಮೇಲೆ ಸೇರ್ಕೊಂಡ್ವು, ಕೊರೊನಾ ಟೈಮಲ್ಲಿ ಕಂತು ನಿಲ್ಸಿದ್ದ ತಿಂಗಳುಗಳೂ ಸೇರಿವೆ, ಎಣಿಕೆ ಈಗ 80 ದಾಟಿದೆ.

ಬೇರೆ ದಾರಿಗಳ ಬಗ್ಗೆ ಚುಟುಕಾಗಿ. ವಿಸ್ತಾ ಸೇರಿದ್ರೆ ಕೊನೇಲಿ ಅವಾರ್ಡ್ ಬದಲು ಸ್ವಲ್ಪ ನಗದು ತಗೋಬಹುದು, ಅವಾರ್ಡಿಗಿಂತ ತುಂಬ ಕಮ್ಮಿ, ಫೆಡರಲ್ ಸಾಲ ಇರೋರು ಅದನ್ನ ತಗೋಬಾರ್ದು ಅಂತ ನನ್ನ ಅನ್ಸಿಕೆ. ಪೀಸ್ ಕಾರ್ಪ್ಸ್ 27 ತಿಂಗಳು, ಬೇರೆ ದೇಶ, ಅಲ್ಲಿ ಈ ಅವಾರ್ಡ್ ಇಲ್ಲ, ಆದ್ರೆ ಪಿಎಸ್‌ಎಲ್‌ಎಫ್ ಎಣಿಕೆ ಇದೆ, ಗ್ರೀನ್ ಕಾರ್ಡ್ ಸಾಲಲ್ಲ, ಸಿಟಿಜನ್ನೇ ಆಗಿರ್ಬೇಕು. ಟೀಚರ್ ಆಗೋ ಯೋಚ್ನೆ ಇರೋರು ಒಂದು ನೋಡ್ಕೊಳ್ಳಿ, ಕಮ್ಮಿ ಆದಾಯದ ಮನೆ ಮಕ್ಕಳಿರೋ ಶಾಲೇಲಿ ಸತತ ಐದು ವರ್ಷ ಪಾಠ ಮಾಡಿದ್ರೆ 17,500 ಡಾಲರ್‌ವರೆಗೆ ಕಳೆಯೋ ಟೀಚರ್ ಲೋನ್ ಫರ್ಗಿವ್‌ನೆಸ್ ಬೇರೆ ಇದೆ, ಆದ್ರೆ ಅದೇ ಪಾಠದ ಅವಧಿಗೆ ಅದೂ ಬೇಕು ಈ ಅವಾರ್ಡೂ ಬೇಕು ಅಂದ್ರೆ ಕೊಡಲ್ಲ. ಐವತ್ತೈದು ದಾಟಿದೋರು ಸೇವೆ ಮಾಡಿ ಅವಾರ್ಡನ್ನ ಮಕ್ಕಳಿಗೋ ಮೊಮ್ಮಕ್ಕಳಿಗೋ ಬರ್ದುಕೊಡ್ಬಹುದು, ಇದು ನಂಗೆ ತುಂಬ ಇಷ್ಟ ಆಗಿರೋ ರೂಲು, ರಿಟೈರ್ ಆಗಿರೋ ನಮ್ಮ ಎಷ್ಟೋ ಮೇಷ್ಟ್ರುಗಳು ಇಲ್ಲಿ ಮಗಳ ಮನೇಲಿ ಗ್ರೀನ್ ಕಾರ್ಡ್ ಇಟ್ಕೊಂಡು ಇದ್ದಾರೆ, ಶಾಲೆಗಳಿಗೆ ಅಂಥೋರೇ ಬೇಕು.

ಒಂದು ಎಚ್ಚರಿಕೆ. ಡಿಗ್ರಿ ಮುಗ್ಸಿದ ಆರು ತಿಂಗಳಲ್ಲಿ ನಂಗೆ ಸ್ಟೂಡೆಂಟ್ ಲೋನ್ ರಿಲೀಫ್ ಸೆಂಟರ್ ಅಂತ ಹೇಳ್ಕೊಂಡು ಎಷ್ಟೋ ಫೋನ್ ಬಂತು. ಒಬ್ರು ನಾನು ಸೇವೇಲಿ ಇದೀನಿ ಅಂದ ತಕ್ಷಣ, ನಿಮ್ಗೆ ಸ್ಪೆಷಲ್ ಮನ್ನಾ ಇದೆ, ಪ್ರೋಸೆಸಿಂಗ್ ಫೀ 600 ಡಾಲರ್, ಇವತ್ತೇ ಕಟ್ಬೇಕು ಅಂದ್ರು. ನನ್ನ ಜೊತೆಯವ್ಳು ಒಬ್ಳು ಕಟ್ಟೇಬಿಟ್ಲು, ತಿಂಗಳ ಅಲೊವೆನ್ಸಿನ ಅರ್ಧ ಅದು, ಆ ದುಡ್ಡು ಮತ್ತೆ ಬರ್ಲಿಲ್ಲ. ಈ ಯಾವ ಅರ್ಜಿಗೂ ಫೀಸ್ ಇಲ್ಲ. ಪಿಎಸ್‌ಎಲ್‌ಎಫ್ ಫಾರ್ಮ್ ಸ್ಟೂಡೆಂಟ್ ಏಡ್ ಡಾಟ್ ಗವ್ ಸೈಟಲ್ಲಿ ಉಚಿತ, ಅವಾರ್ಡ್ ರಿಕ್ವೆಸ್ಟ್ ಪೋರ್ಟಲಲ್ಲಿ ಉಚಿತ. ದುಡ್ಡು ಕೇಳಿದ್ರೆ ಫೋನ್ ಇಡಿ.

ಈಗ ಸೇರ್ಬೇಕಾ ಅಂತ ಕೇಳೋರಿಗೆ ಈಗಿನ ಪರಿಸ್ಥಿತೀನೂ ಹೇಳ್ಬೇಕು. 2025ರ ಏಪ್ರಿಲಲ್ಲಿ ಅಮೆರಿಕಾರ್ಪ್ಸ್‌ನ ಸುಮಾರು 40 ಕೋಟಿ ಡಾಲರ್ ಗ್ರಾಂಟ್‌ಗಳನ್ನ ಒಂದೇ ಏಟಿಗೆ ರದ್ದು ಮಾಡಿದ್ರು, ಎನ್‌ಸಿಸಿಸಿ ಹುಡುಗ್ರನ್ನ ಟರ್ಮ್ ಮಧ್ಯದಲ್ಲೇ ಮನೆಗೆ ಕಳ್ಸಿದ್ರು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಕೋರ್ಟಿಗೆ ಹೋದ್ವು, ಜೂನಲ್ಲಿ ಮೇರಿಲ್ಯಾಂಡಿನ ಫೆಡರಲ್ ಜಡ್ಜ್ ಆ ರಾಜ್ಯಗಳಲ್ಲಿ ವಾಪಸ್ ಶುರು ಮಾಡಿ ಅಂತ ಆದೇಶ ಕೊಟ್ರು. ಒಹಾಯೋ ಆ ಕೇಸಲ್ಲಿ ಇರ್ಲಿಲ್ಲ. ನನ್ನ ಹಳೇ ರೂಮಲ್ಲಿ, ಆ ಅರ್ಧಚಂದ್ರದ ಮೇಜಿನ ಹತ್ರ ಈಗ ಯಾರಾದ್ರೂ ಕೂರ್ತಾರಾ ಅಂತ ಯೋಚ್ನೆ ಬಂದಾಗೆಲ್ಲ ಹೊಟ್ಟೆ ಉರಿಯತ್ತೆ. ಸೇರೋರು ಇಂಟರ್‌ವ್ಯೂನಲ್ಲೇ ನೇರವಾಗಿ ಕೇಳಿ, ನಿಮ್ಮ ಗ್ರಾಂಟ್ ಎಲ್ಲೀವರೆಗೆ ಇದೆ, ಮಧ್ಯದಲ್ಲಿ ನಿಂತ್ರೆ ನಮ್ಮ ಎಕ್ಸಿಟ್ ಹೇಗೆ ದಾಖಲೆ ಮಾಡ್ತೀರ ಅಂತ. ಸಾಲದ ಪ್ಲಾನುಗಳೂ ಬದಲಾಗ್ತಿವೆ, ಅದೇ ವರ್ಷ ಜುಲೈಯಲ್ಲಿ ಬಂದ ಕಾನೂನಲ್ಲಿ 2026ರ ಜುಲೈಯಿಂದ ರ‍್ಯಾಪ್ ಅನ್ನೋ ಹೊಸ ಪ್ಲಾನ್ ಇದೆ, ಅದೂ ಪಿಎಸ್‌ಎಲ್‌ಎಫ್‌ಗೆ ಲೆಕ್ಕ, ಹಳಬರಿಗೆ ಐಬಿಆರ್ ಇದ್ದೇ ಇರತ್ತೆ.

ರೇಟಿಂಗ್ ಕೊಡೋದಾದ್ರೆ ಸೇವೆಗೆ ಐದಕ್ಕೆ ಐದು, ಅವಾರ್ಡಿಗೆ ನಾಲ್ಕು, ಟ್ಯಾಕ್ಸ್ ರೂಲಿಗೋಸ್ಕರ ಒಂದು ಕಳ್ದಿದೀನಿ. ಲೋನ್ ಸರ್ವೀಸಿಂಗಿಗೆ ಎರಡು. 1,700 ಗಂಟೆಗೆ 7,395 ಅಂದ್ರೆ ಗಂಟೆಗೆ ನಾಲ್ಕೂ ಕಾಲು ಡಾಲರ್ ಮೇಲೆ ಬೀಳತ್ತೆ, ಅಲೊವೆನ್ಸ್ ಬಿಟ್ಟು. ಯಾರಿಗೆ ಸರಿ ಹೋಗತ್ತೆ ಅಂದ್ರೆ, ಮುಂದೆ ಖಾಸಗಿ ಕಂಪನಿ ಕೆಲ್ಸಕ್ಕೆ ಹೋಗಿ ಸಾಲ ಬೇಗ ತೀರ್ಸೋ ಮನಸ್ಸಿರೋರು ಅವಾರ್ಡನ್ನ ಕಣ್ಮುಚ್ಚಿ ಸಾಲಕ್ಕೆ ಹಾಕಿ, ಜಾಸ್ತಿ ಬಡ್ಡಿ ಇರೋ ಲೋನಿಗೆ ಮೊದ್ಲು. ಶಾಲೆ, ಆಸ್ಪತ್ರೆ, ಸರ್ಕಾರ, ನಾನ್‌ಪ್ರಾಫಿಟ್ ಅಂತ ಹತ್ತು ವರ್ಷ ಇರೋರು ಅವಾರ್ಡನ್ನ ಸಾಲಕ್ಕೆ ಹಾಕ್ಬೇಡಿ, ಇಟ್ಕೊಂಡು ಏಳು ವರ್ಷದ ಒಳಗೆ ಓದಕ್ಕೆ ಬಳ್ಸಿ.

ತಂಗಿ ಯೋಚ್ನೆ ಮಾಡಿ ಕೊನೇಗೆ 900 ಗಂಟೆಯ ಅರ್ಧ ಟರ್ಮಿಗೆ ಸೈನ್ ಹಾಕಿದ್ಲು, ಒಂದು ಲೈಬ್ರರೀಲಿ ದೊಡ್ಡವ್ರಿಗೆ ಇಂಗ್ಲಿಷ್ ಹೇಳ್ಕೊಡೋದು. ಕಳೆದ ಭಾನುವಾರ ಇಬ್ರೂ ಅವ್ಳ ಲ್ಯಾಪ್‌ಟಾಪ್ ಮುಂದೆ ಕೂತು ಫೋರ್ಬೇರೆನ್ಸ್ ರಿಕ್ವೆಸ್ಟ್ ಹಾಕಿದ್ವಿ. ಸರ್ವೀಸರ್ ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಸ್ಟೇಟಸ್ ಪೆಂಡಿಂಗ್ ಅಂತಿದೆ. ಅವ್ಳು ಒಂದು ಹೊಸ ನೋಟ್‌ಬುಕ್ ತಗೊಂಡು ಮೊದಲ ಪುಟದಲ್ಲಿ ಆ ದಿನದ ತಾರೀಖು ಬರ್ದಿಟ್ಟಿದಾಳೆ.